ಎರಡು ಕಡೆ ಕಂಡ ಮನೆ

ಹೊಸ್ತಿಲನ್ನು ಹೊಸ ಸರ್ವರ್‌ಗೆ ಸಾಗಿಸುವುದೆಂದು ತೀರ್ಮಾನವಾದ ದಿನದಿಂದ ನನಗೆ ಊಟ ಸೇರಲಿಲ್ಲ. ಹೊಸ್ತಿಲು ಅಂದರೆ ನಮ್ಮೂರಿನವರೆಲ್ಲ ಸೇರಿ ಬರೆಯುವ ಇಂಟರ್‌ನೆಟ್ಟಿನ ಕಟ್ಟೆ. ಅದನ್ನು ಶುರುಮಾಡಿದವಳು ನಾನು, ಹದಿನಾಲ್ಕು ವರ್ಷದಿಂದ ಅದರ ಮೇಲ್ವಿಚಾರಣೆ ಮಾಡುತ್ತಿರುವವಳೂ ನಾನೇ. ಬೇರೆ ಊರುಗಳಲ್ಲಿ ಇಂಥ ಕಟ್ಟೆಗಳ ಮೇಲೆ ಜನ ಸಿನಿಮಾ, ಚುನಾವಣೆ, ಕೂದಲು ಉದುರುವುದು ಇವನ್ನೆಲ್ಲ ಚರ್ಚಿಸುತ್ತಾರಂತೆ. ನಮ್ಮಲ್ಲೂ ಅದಕ್ಕೇನೂ ಕೊರತೆಯಿಲ್ಲ. ಆದರೆ ಬೆಳಿಗ್ಗೆ ಎದ್ದವರು ಮೊದಲು ಬರೆಯುವುದು ಹಾಜರಿ. ನಮ್ಮೂರಿನ ಮನೆಗಳು ದಿನಾ ಬೆಳಕು ಹರಿಯುವ ಹೊತ್ತಿಗೆ ಜಾಗ ಬದಲಿಸುತ್ತವೆ. ಮಲಗುವಾಗ ಪಕ್ಕದಲ್ಲಿ ಅಕ್ಕಸಾಲಿಗರಿದ್ದರೆ ಬೆಳಿಗ್ಗೆ ಬಾಗಿಲು ತೆಗೆದಾಗ ಅಲ್ಲಿ ಹಿಟ್ಟಿನ ಗಿರಣಿ ಇದ್ದೀತು. ಅದಕ್ಕೇ ಪ್ರತಿ ಮನೆಯವರೂ ತಮ್ಮ ಹೊಸ್ತಿಲ ಮೇಲೆ ನಿಂತು ಎಡಕ್ಕೆ ಯಾರು, ಬಲಕ್ಕೆ ಯಾರು, ಎದುರಿಗೆ ಯಾರು ಅಂತ ಮೂರು ಸಾಲು ಬರೆಯುತ್ತಾರೆ. ಆರುನೂರು ಮನೆಗಳ ಸಾಲುಗಳನ್ನು ಜೋಡಿಸಿ ಏಳು ಗಂಟೆಯ ಹೊತ್ತಿಗೆ ಕಟ್ಟೆಯೇ ಆ ದಿನದ ನಕ್ಷೆ ತಯಾರಿಸಿ ಕೊಡುತ್ತದೆ. ಹಾಲಿನವರು, ಗ್ಯಾಸಿನವರು, ಬೀಗರು ಎಲ್ಲ ಅದನ್ನು ನೋಡಿಕೊಂಡೇ ಮನೆಯಿಂದ ಹೊರಡುವುದು.

ಜಾಗ ಬದಲಿಸುವುದು ಒಲೆ ಉರಿಯುವ ಕಟ್ಟಡಗಳು ಮಾತ್ರ. ಅಂಚೆ ಕಚೇರಿ, ಬಸ್ ನಿಲ್ದಾಣ ಇದ್ದಲ್ಲೇ ಇರುತ್ತವೆ. ಶಾಲೆಯೂ ಇದ್ದಲ್ಲೇ ಇತ್ತು. ಬಿಸಿಯೂಟ ಶುರುವಾದ ಮರುದಿನ ಅದೂ ಹೊರಟಿತು. ಹೆಡ್‌ಮಾಸ್ತರರು ಎರಡು ದಿನ ಶಾಲೆ ಹುಡುಕಿ ಸುಸ್ತಾಗಿ, ಅಡುಗೆಮನೆಯನ್ನು ಬೇರೆ ಕಟ್ಟಿಸಿದರು. ಈಗ ಅಡುಗೆಮನೆ ಒಂದೇ ಊರು ಸುತ್ತುತ್ತದೆ, ಮಕ್ಕಳು ತಟ್ಟೆ ಹಿಡಿದುಕೊಂಡು ಅದರ ಹಿಂದೆ. ಹೀಗೆ ಎಲ್ಲಕ್ಕೂ ಒಂದು ದಾರಿ ಮಾಡಿಕೊಂಡಿದ್ದೇವೆ. ದಾರಿಯಿಲ್ಲದ್ದು ಒಂದೇ. ದೀಪ ಹಚ್ಚುವ ಹೊತ್ತಿನೊಳಗೆ ಹಾಜರಿ ಬರೆಯದ ಮನೆ ಮರುದಿನ ಊರ ಅಂಚಿನ ಕಡೆ ಸರಿಯುತ್ತದೆ. ಸತತ ಮೂರು ದಿನ ತಪ್ಪಿದರೆ ನಾಲ್ಕನೆಯ ಬೆಳಿಗ್ಗೆ ಅದು ಇರುವುದಿಲ್ಲ. ಕಟ್ಟೆ ಹುಟ್ಟುವ ಮೊದಲು, ಡಂಗುರದವನಿಗೆ ಹಾಜರಿ ಹೇಳುತ್ತಿದ್ದ ಕಾಲದಲ್ಲಿ, ಮಗ್ಗದ ನಿಂಗಪ್ಪನ ಸಂಸಾರ ಹಾಗೆ ಹೋಯಿತು. ಅವರು ಎಲ್ಲಿದ್ದಾರೆಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಹಳೆಯ ಸರ್ವರ್ ಅಂಚೆ ಕಚೇರಿಯ ಹಿಂದಿನ ಕೋಣೆಯಲ್ಲಿತ್ತು. ನಾನು ನಿವೃತ್ತಳಾಗುವವರೆಗೆ ಅಲ್ಲೇ ಕಾಗದ ವಿಂಗಡಿಸುತ್ತಿದ್ದವಳು, ಅದಕ್ಕೇ ಅಲ್ಲಿ ಜಾಗ ಸಿಕ್ಕಿತ್ತು. ಈ ವರ್ಷ ಆ ಯಂತ್ರ ದಿನಕ್ಕೆರಡು ಸಲ ಮುನಿಸಿಕೊಂಡು ನಿಲ್ಲತೊಡಗಿತು. ಸಾಗಿಸುವ ಕೆಲಸ ವಹಿಸಿಕೊಂಡವರು ಶಾಲೆಯ ಕಂಪ್ಯೂಟರ್ ಮೇಷ್ಟ್ರು ವಿರೂಪಾಕ್ಷ. ನಿಧಾನದ ಮನುಷ್ಯ. ಒಂದು ಮಾತು ಹೇಳಿ ಮುಗಿಸುವಷ್ಟರಲ್ಲಿ ನಾನು ಎರಡು ಸಲ ಎದ್ದು ಕೂತಿರುತ್ತೇನೆ.

ಸಾಗಿಸುವುದಕ್ಕೆ ನಾಲ್ಕು ದಿನ ಮೊದಲು ಅವರು ಒಂದು ಪಟ್ಟಿ ತಂದರು. ಹೊಸ ಸರ್ವರ್‌ನಲ್ಲಿ ಒಂದು ಇಮೇಲ್‌ಗೆ ಒಂದೇ ಖಾತೆ. ಹಳೆಯದರಲ್ಲಿ ನಲವತ್ತಮೂರು ಇಮೇಲ್‌ಗಳಿಗೆ ಎರಡೆರಡು ಖಾತೆಗಳಿದ್ದವು.

"ಸುಶೀಲಕ್ಕಾರ, ಒಬ್ಬರ ಎರಡು ಸಲ ಹೆಸರು ಹಚ್ಚಿದ್ದರ ಕೂಡಿಸೂದು. ಬ್ಯಾರೆ ಬ್ಯಾರೆ ಮಂದಿ ಇದ್ದರ ಕೂಡಸಬಾರದು. ಒಂದೊಂದ ನೋಡಿ ಗುರುತು ಹಾಕ್ರಿ" ಅಂದರು.

"ನೋಡ್ತೀನಿ, ಇಟ್ಟು ಹೋಗ್ರಿ" ಅಂದೆ.

ಮೊದಲ ಏಳೆಂಟು ನೋಡಿದೆ. ಎಲ್ಲವೂ ಪಾಸ್‌ವರ್ಡ್ ಮರೆತು ಇನ್ನೊಂದು ಖಾತೆ ತೆರೆದವರದ್ದೇ. ಅಷ್ಟರಲ್ಲಿ ಫೋನು ಬಂತು, ಒಲೆಯ ಮೇಲೆ ಹಾಲು ಉಕ್ಕಿತು, ಬೇಸರವೂ ಬಂತು. ಮೇಲಿನಿಂದ ಕೆಳಗಿನವರೆಗೆ ಒಂದೇ ಗೆರೆ ಎಳೆದು 'ಕೂಡಿಸಿ' ಅಂತ ಬರೆದುಕೊಟ್ಟೆ. ಆ ಪಟ್ಟಿಯ ಮೂವತ್ತೊಂದನೆಯ ಸಾಲನ್ನು ಓದಿದ್ದರೆ ನಾನು ಇದನ್ನು ಹೇಳಬೇಕಾಗಿಯೇ ಇರಲಿಲ್ಲ.

ಶನಿವಾರ ಕಟ್ಟೆ ಮುಚ್ಚಿತು. ಒಂದು ದಿನದ ಹಾಜರಿ ಇಡೀ ಊರಿಗೇ ತಪ್ಪಿತು. ನಕ್ಷೆಯಿಲ್ಲದೆ ಜನ ಕೂಗಿ ಕೂಗಿ ದಾರಿ ಕೇಳಿದರು. ಚಹಾದಂಗಡಿಗೆ ಹೊರಟ ಗಂಡಸರು ಮಧ್ಯಾಹ್ನದ ಊಟಕ್ಕೆ ಯಾರ ಯಾರ ಮನೆಯಲ್ಲೋ ಕೂತರು. ಮೂರು ಮನೆಯವರು ನನ್ನ ಮನೆಯನ್ನು ಔಷಧದ ಅಂಗಡಿ ಅಂದುಕೊಂಡು ಬಂದು ಕೆಮ್ಮಿನ ಗುಳಿಗೆ ಕೇಳಿದರು. ನಾನು ಕೂರಲೂ ಆಗದೆ ನಿಲ್ಲಲೂ ಆಗದೆ ಹಿತ್ತಲಿಗೂ ಮುಂಬಾಗಿಲಿಗೂ ಅಲೆದೆ. ಭಾನುವಾರ ಬೆಳಿಗ್ಗೆ ನೋಡಿದರೆ ಎಲ್ಲ ಮನೆಗಳೂ ಒಂದಿಷ್ಟು ಹೊರಕ್ಕೆ ಸರಿದು ಊರು ಅಗಲವಾಗಿತ್ತು, ಮನೆ ಮನೆಯ ನಡುವೆ ಎಮ್ಮೆ ಕಟ್ಟುವಷ್ಟು ಜಾಗ.

ಆರು ಗಂಟೆಗೆ ಕಟ್ಟೆ ತೆರೆಯಿತು. ತೆರೆದದ್ದೇ ತಡ, ದೂರುಗಳು ಸುರಿದವು. ಪಾಸ್‌ವರ್ಡ್ ಹಿಡಿಯುತ್ತಿಲ್ಲ, ಅಕ್ಷರ ಸಣ್ಣದು, ಹಳೆಯ ಬಣ್ಣವೇ ಚೆನ್ನಾಗಿತ್ತು, ನನ್ನ ಫೋಟೋ ಇದ್ದಲ್ಲಿ ಬೇರೆಯವರ ಕೋಳಿ ಬಂದಿದೆ. ಆ ನಡುವೆ ಕ್ಷೌರದಂಗಡಿಯ ಈರಪ್ಪ ಫೋನು ಮಾಡಿದ.

"ಅಕ್ಕಾರ, ನಾ ಬರದದ್ದ ಒಂದು, ಇದು ತೋರ್ಸೂದ ಒಂದು. ನಮ್ಮ ಬಲಕ್ಕ—"

"ಈರಪ್ಪಾ, ಹೊಸಾದೈತಿ, ಎರಡು ದಿನದಾಗ ಸರಿ ಆಗ್ತೈತಿ" ಅಂದು ಫೋನು ಇಟ್ಟೆ.

ಏಳಕ್ಕೆ ನಕ್ಷೆ ಬಂತು. ಊರಿಡೀ ನಕ್ಕಿತು. ನನ್ನ ಮನೆ ಎರಡು ಕಡೆ ಇತ್ತು. ಒಂದು ಬಸ್ ನಿಲ್ದಾಣದ ಹತ್ತಿರ, ಇನ್ನೊಂದು ಈರಪ್ಪನ ಅಂಗಡಿಯ ಬಲಕ್ಕೆ. "ಮೇಲ್ವಿಚಾರಕರಿಗೆ ಎರಡು ಮನಿ, ನಮಗ ಒಂದ" ಅಂತ ಒಬ್ಬ ಬರೆದ, ಅದಕ್ಕೆ ನೂರು ಜನ ಹಲ್ಲು ಕಿರಿದರು. ನನಗೆ ನಗುವವರನ್ನು ಕಂಡರೆ ಮೊದಲಿನಿಂದಲೂ ಆಗುವುದಿಲ್ಲ. ಬಸ್ ನಿಲ್ದಾಣದ ಹತ್ತಿರದ್ದು ನಿಜವಾದದ್ದು, ನಾನೇ ಅದರೊಳಗಿದ್ದೆನಲ್ಲ. ಇನ್ನೊಂದರ ಮೇಲೆ ಬೆರಳಿಟ್ಟೆ. 'ಅಳಿಸಲೇ?' ಅಂತ ಕೇಳಿತು. ಅಳಿಸು ಅಂದೆ. 'ಇನ್ನು ಮುಂದೆ ಈ ಮನೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರಲೇ?' ಅಂತ ಕೇಳಿತು. ಹೌದು ಅಂದೆ. ಹಾಯೆನಿಸಿತು.

ಸೋಮವಾರ ಮಧ್ಯಾಹ್ನ ಹಾಲಿನ ದಾವಲಸಾಬ ಸೈಕಲ್ ನಿಲ್ಲಿಸಿ ಬಾಗಿಲಿಗೆ ಬಂದ. ಅವನು ಆ ಹೊತ್ತಿಗೆ ಬರುವವನಲ್ಲ.

"ಸುಶೀಲಕ್ಕ, ನೀವು ಬಯ್ಯಾಂಗಿಲ್ಲಂದ್ರ ಒಂದು ಮಾತು ಕೇಳ್ತೀನಿ. ಕಸ್ತೂರೆವ್ವಾರ ಮನಿ ಎಲ್ಲೈತಿ? ನಿನ್ನೆ ನಕ್ಷಾದಾಗ ಇರಲಿಲ್ಲ, ಇವತ್ತೂ ಇಲ್ಲ. ಎರಡು ದಿನದ್ದ ಹಾಲು ಹಂಗ ಉಳದೈತಿ. ಫೋನ್ ಹಚ್ಚಿದ್ರ ಬಂದ್ ಐತಿ."

ಬಯ್ಯುತ್ತೇನೆಂದು ಅವನು ಅಂಜಿದ್ದಕ್ಕೆ ಕಾರಣವಿತ್ತು. ಕಸ್ತೂರೆವ್ವ ನನ್ನ ಒಡಹುಟ್ಟಿದ ಅಕ್ಕ. ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುತ್ತಾಳೆ, ಮೊಣಕಾಲು ಹಿಡಿದಿದೆ, ನಾಲ್ಕು ಹೆಜ್ಜೆ ಇಟ್ಟರೆ ಕೂರಬೇಕು. ನಾವಿಬ್ಬರೂ ಮಾತು ಬಿಟ್ಟು ಒಂಬತ್ತು ವರ್ಷವಾಗಿತ್ತು. ನನ್ನನ್ನು ನೋಡಲು ಬಂದ ಗಂಡಿನ ಕಡೆಯವರು, ಮನೆಗಳು ಜಾಗ ಬದಲಿಸಿದ್ದು ತಿಳಿಯದೆ, ಬೇರೆ ಮನೆಗೆ ನುಗ್ಗಿ, ಅಲ್ಲಿಯ ಉಪ್ಪಿಟ್ಟು ತಿಂದು, ಅಲ್ಲಿಯ ಹುಡುಗಿಯನ್ನೇ ಒಪ್ಪಿಕೊಂಡು ಹೋದ ಹಳೆಯ ಸಂಗತಿಯನ್ನು ಅವಳು ಒಂದು ದಿನ ಕಟ್ಟೆಯ ಮೇಲೆ ಬರೆದಳು. ಊರು ಬಿದ್ದು ಬಿದ್ದು ನಕ್ಕಿತು. ನಾನು ಅದನ್ನು ಅಳಿಸಿದೆ. ಅವಳು ಮೊಣಕಾಲು ಹಿಡಿದುಕೊಂಡು ನನ್ನ ಮನೆ ಹುಡುಕಿಕೊಂಡು ಬಂದು, "ನನ್ನ ಮಾತು ಅಳಸಾಕ ನೀ ಯಾರು?" ಅಂದಳು. "ಇಲ್ಲಿ ಮೇಲ್ವಿಚಾರಕಿ" ಅಂದೆ. ಅವಳು ತಿರುಗಿ ಹೋದಳು. ಅಂದಿನಿಂದ ಕಟ್ಟೆಯ ಮೇಲೆ ಅವಳು ಬರೆದದ್ದು ಏನೂ ನನ್ನ ಕಣ್ಣಿಗೆ ಬೀಳದ ಹಾಗೆ ಮರೆ ಮಾಡಿಟ್ಟುಕೊಂಡಿದ್ದೆ. ಅಂಥದೊಂದು ಗುಂಡಿ ಎಲ್ಲ ಸದಸ್ಯರಿಗೂ ಇದೆ.

ದಾವಲಸಾಬನನ್ನು ಅಲ್ಲೇ ನಿಲ್ಲಿಸಿ ಕಂಪ್ಯೂಟರಿನ ಮುಂದೆ ಕೂತೆ. ಅವಳ ಹೆಸರು ಬರೆದರೆ ನನ್ನ ಹೆಸರು ಬಂತು. ಇನ್ನೊಮ್ಮೆ ಬರೆದೆ, ಮತ್ತೆ ನನ್ನದೇ. ಆಗ ನೆನಪಾಯಿತು. ಕಟ್ಟೆ ಶುರುವಾದ ವಾರ ಅವಳಿಗೆ ಇಮೇಲ್ ಇಲ್ಲವೆಂದು ನನ್ನದನ್ನೇ ಕೊಟ್ಟು ಖಾತೆ ತೆರೆದುಕೊಟ್ಟವಳು ನಾನು. ಪಟ್ಟಿಯ ಮೂವತ್ತೊಂದನೆಯ ಸಾಲು ಅದೇ. ಈರಪ್ಪ ಬಲಕ್ಕೆ ಕಸ್ತೂರೆವ್ವ ಅಂತ ಬರೆದಿದ್ದಾನೆ, ಕಟ್ಟೆ ಅದನ್ನು ಸುಶೀಲಾ ಅಂತ ತೋರಿಸಿದೆ. ನಾನು ಅಳಿಸಿದ್ದು ನನ್ನ ಎರಡನೆಯ ಮನೆಯನ್ನಲ್ಲ, ನನ್ನ ಅಕ್ಕನನ್ನು. ಇಮೇಲ್ ತೆರೆದೆ. ಇನ್ನೂರು ದೂರುಗಳ ನಡುವೆ ಒಂದೇ ಥರದ ಹನ್ನೊಂದು ಕಾಗದಗಳು: 'ಪಾಸ್‌ವರ್ಡ್ ಬದಲಿಸಲು ನೀವು ಕೋರಿದ್ದೀರಿ.' ನಾನು ಕೋರಿರಲಿಲ್ಲ. ಭಾನುವಾರ ಬೆಳಿಗ್ಗೆಯಿಂದ ಸಂಜೆಯವರೆಗೆ ಹನ್ನೊಂದು ಸಲ ಅವಳು ಒಳಗೆ ಬರಲು ಬಾಗಿಲು ತಟ್ಟಿದ್ದಳು, ಅದರ ಸದ್ದು ನನ್ನ ಮನೆಯಲ್ಲಿ ಆಗಿತ್ತು. ಆಮೇಲೆ ನಿಂತುಹೋಗಿತ್ತು.

ಶನಿವಾರ ಒಂದು, ಭಾನುವಾರ ಎರಡು. ಇವತ್ತು ದೀಪ ಹಚ್ಚುವುದರೊಳಗೆ ಹಾಜರಿ ಬೀಳದಿದ್ದರೆ ನಾಳೆ ಬೆಳಿಗ್ಗೆ ಅಕ್ಕನ ಮನೆ ಇರುವುದಿಲ್ಲ.

ವಿರೂಪಾಕ್ಷ ಮೇಷ್ಟ್ರಿಗೆ ಫೋನು ಹಚ್ಚಿದೆ. ಅವರು ಪೂರ್ತಿ ಕೇಳಿಸಿಕೊಂಡರು, ಒಂದು ಮಾತೂ ಆಡಿ ತೋರಿಸಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

"ಅಳಿಸಿದ್ದನ್ನ ವಾಪಸ್ ತರ್ತೀನ್ರಿ. ಹೆಸರು ಬಿಡಸಾಕ ಮಾತ್ರ ಎರಡು ಮೂರು ದಿನ ಬೇಕು. ಅಲ್ಲೀತನಕ ನಿಮ್ಮ ಖಾತೆಯಿಂದನ ಅವರ ಹಾಜರಿ ಬರೀಬಹುದು. ಆದರ ಅವರ ಹೊಸ್ತಿಲ ಮ್ಯಾಲ ನಿಂತ ಬರೀಬೇಕ್ರಿ, ಮನ್ಯಾಗ ಕುಂತು ಬರದ್ರ ನಡಿಯಂಗಿಲ್ಲ. ಅದು ನಿಮಗ ಗೊತ್ತಲ್ಲ."

ಗೊತ್ತಿಲ್ಲದೆ ಏನು, ಆ ನಿಯಮ ಬರೆದವಳೇ ನಾನು. ಮನೆಯಲ್ಲಿ ಕೂತು ಬರೆದು ಸುಳ್ಳು ನಕ್ಷೆ ಮಾಡಬಾರದೆಂದು.

ಇವತ್ತು ಬೆಳಿಗ್ಗೆ ಯಾರಾದರೂ ಅವಳನ್ನು ಪಕ್ಕದವಳೆಂದು ಬರೆದಿದ್ದಾರೆಯೇ ಎಂದು ಹುಡುಕತೊಡಗಿದೆ. ಯಾರೂ ಬರೆದಿರಲಿಲ್ಲ. ಅಂಚಿಗೆ ಸರಿದ ಮನೆಗೆ ನೆರೆಯವರಿರುವುದಿಲ್ಲ. ಹುಡುಕುತ್ತ ಹೋದಂತೆ ನನ್ನ ಹೆಸರಿನ ಕೆಳಗೆ ಇಬ್ಬರ ಹಾಜರಿಯೂ ಬೆರೆತು ಬಿದ್ದಿದ್ದು ಕಂಡಿತು. ಖಾತೆ ಒಂದಾದ ಮೇಲೆ ನಾನು ಹಾಕಿದ್ದ ಮರೆಯೂ ಹೋಗಿತ್ತು. ಒಂಬತ್ತು ವರ್ಷಗಳಲ್ಲಿ ಹದಿನೇಳು ದಿನ ನಮ್ಮ ಮನೆಗಳು ಅಕ್ಕಪಕ್ಕ ಬಂದಿದ್ದವು. ಆ ದಿನಗಳಲ್ಲಿ ನಾನು 'ಎಡಕ್ಕೆ ಹೊಲಿಗೆಯವರ ಮನೆ' ಅಂತ ಬರೆದು ಆ ಕಡೆಯ ಕಿಟಕಿ ಹಾಕಿಕೊಳ್ಳುತ್ತಿದ್ದೆ. ಅವಳು ಹದಿನೇಳು ಸಲವೂ 'ಬಲಕ್ಕೆ ನನ್ನ ತಂಗಿ ಸುಶೀಲಾ' ಅಂತ ಬರೆದಿದ್ದಳು. ಒಂದು ಸಲ ಅದರ ಮುಂದೆ 'ಜ್ವರ ಬಂದಂಗ ಕಾಣತೈತಿ, ಯಾರಾದರೂ ನೋಡ್ರಿ' ಅಂತಲೂ ಇತ್ತು. ಆ ದಿನ ಈರಪ್ಪನ ಹೆಂಡತಿ ಗಂಜಿ ತಂದುಕೊಟ್ಟಿದ್ದಳು. ಅವಳಿಗೆ ಹೇಗೆ ತಿಳಿಯಿತೆಂದು ನಾನು ಕೇಳಿಯೂ ಇರಲಿಲ್ಲ.

ನಾಚಿಕೆಗೆ ಆಗ ಹೊತ್ತಿರಲಿಲ್ಲ. ಕಟ್ಟೆಯ ಮೇಲೆ ಎಲ್ಲರಿಗೂ ಕಾಣುವಂತೆ ಬರೆದೆ: 'ನನ್ನ ಅಕ್ಕ ಕಸ್ತೂರೆವ್ವನ ಮನೆಯನ್ನು ನಾನೇ ಕೈಯಾರೆ ಅಳಿಸಿದ್ದೇನೆ. ಓದದೆ ಅಳಿಸಿದೆ. ಇವತ್ತು ಮೂರನೆಯ ದಿನ. ಮನೆ ಊರ ಅಂಚಿನಲ್ಲಿ ಎಲ್ಲೋ ಇದೆ. ದಯವಿಟ್ಟು ಹುಡುಕಿ.' ಈ ಸಲ ಯಾರೂ ನಗಲಿಲ್ಲ. ನೂರು ಜನರಾದರೂ ಸೈಕಲ್ಲು, ಬೈಕು ತೆಗೆದರು. ಬಿಸಿಯೂಟದ ಅಡುಗೆಯವರು ಒಲೆ ಆರಿಸಿ ಕಲ್ಲುಗಣಿಯ ಕಡೆ ಹೊರಟರು. ಈರಪ್ಪ ಅರ್ಧ ಬೋಳಿಸಿದ ಗಿರಾಕಿಯನ್ನು ಹಿಂದೆ ಕೂರಿಸಿಕೊಂಡೇ ರೈಲು ಹಳಿಯ ಕಡೆ ಹೋದ.

ನಾನು ದಾವಲಸಾಬನ ಸೈಕಲ್ಲಿನ ಹಿಂದೆ ಕೂತೆ. ಇಟ್ಟಿಗೆ ಭಟ್ಟಿಯ ಹತ್ತಿರ ಹೋದೆವು, ಇರಲಿಲ್ಲ. ಹತ್ತಿ ಬಿಡಿಸುವ ಹಳೆಯ ಜಿನ್ನಿನ ಹಿಂದೆ ಹೋದೆವು, ಅಲ್ಲೂ ಇರಲಿಲ್ಲ. ಬಿಸಿಲು ಕೆಂಪಗಾಗುತ್ತಿತ್ತು. ಸೈಕಲ್ ನಿಧಾನವಾದಲ್ಲೆಲ್ಲ ನಾನು ಇಳಿದು ಓಡಿದೆ, ಅರವತ್ತೆರಡರ ಹೆಂಗಸು ಓಡುವ ಹಾಗೆ, ಅಂದರೆ ಓಟಕ್ಕಿಂತ ಏದುಸಿರೇ ಹೆಚ್ಚು. "ಅಕ್ಕಾ, ಹತ್ರಿ, ಬಿದ್ದಗಿದ್ದೀರಿ" ಅಂತ ದಾವಲಸಾಬ ಮತ್ತೆ ಕೂರಿಸಿಕೊಳ್ಳುತ್ತಿದ್ದ. ಕೆರೆಯ ಏರಿ ಹತ್ತಿದ ಮೇಲೆ ಅವನು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದ.

"ಅಲ್ಲಿ ನೋಡ್ರಿ. ಹಗ್ಗದ ಮ್ಯಾಲ ನೀಲಿ ಲಂಗ."

ಕೆರೆಯ ಆಚೆ, ಎಲ್ಲ ಮನೆಗಳಿಂದ ದೂರ, ಬಯಲಿನಲ್ಲಿ ಒಂಟಿ ಮನೆ. ಮುಂದೆ ಶಾಲೆಯ ಹೆಣ್ಣುಮಕ್ಕಳ ಲಂಗಗಳು ಸಾಲಾಗಿ ಒಣಗುತ್ತಿದ್ದವು. ಒಳಗಿನಿಂದ ಹೊಲಿಗೆ ಯಂತ್ರದ ಸದ್ದು ಬರುತ್ತಿತ್ತು. ಆ ಸದ್ದು ಕೇಳಿ ನನಗೆ ಅಳು ಬಂತು.

ಬಾಗಿಲು ತೆರೆದೇ ಇತ್ತು. ಕಸ್ತೂರೆವ್ವನ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅದು ಯಾವಾಗ ಹಾಗಾಯಿತೋ ನನಗೆ ಗೊತ್ತಿರಲಿಲ್ಲ. ಅವಳು ತಲೆ ಎತ್ತಲಿಲ್ಲ, ಯಂತ್ರ ತುಳಿಯುವುದನ್ನೂ ನಿಲ್ಲಿಸಲಿಲ್ಲ.

"ಪೂರಾ ಅಳಿಸೇತೋ ಇಲ್ಲೋ ನೋಡಾಕ ಬಂದಿಯೇನು?"

ಅವಳು ಭಾನುವಾರ ಸಂಜೆ ಒಳಗೆ ಹೋಗಲಾಗದೆ, ಹೊರಗಿನವರಿಗೂ ಕಾಣುವ ನಕ್ಷೆಯ ಪುಟವನ್ನು ತೆರೆದು ನೋಡಿದ್ದಳು. ಹೊಸ ಸರ್ವರ್ ಬಹಳ ಅಚ್ಚುಕಟ್ಟು. ಈರಪ್ಪನ ಅಂಗಡಿಯ ಬಲಕ್ಕೆ, ಅವಳ ಮನೆ ಇದ್ದಲ್ಲಿ, 'ಈ ಮನೆಯನ್ನು ಸುಶೀಲಾ ಅಳಿಸಿದ್ದಾರೆ' ಅಂತ ಬರೆದಿಟ್ಟಿತ್ತು. ಅದನ್ನು ಓದಿ ಫೋನು ಬಂದ್ ಮಾಡಿ, ಒಪ್ಪಿಕೊಂಡ ಲಂಗಗಳನ್ನಾದರೂ ಮುಗಿಸೋಣವೆಂದು ಯಂತ್ರದ ಮುಂದೆ ಕೂತುಬಿಟ್ಟಿದ್ದಳು.

"ಅಕ್ಕಾ, ಅದು ನಿನ್ನ ಮನಿ ಅಂತ ನನಗ ಗೊತ್ತಿರಲಿಲ್ಲ. ನನ್ನದ ಎರಡು ಸಲ ಬಂದೈತಿ ಅಂತ ತಿಳಕೊಂಡೆ."

"ನಕ್ಷಾದಾಗ ಅದರ ಕೆಳಗ ಬರದಿತ್ತಲ್ಲ. ಎಡಕ್ಕ ಈರಪ್ಪ, ಎದುರಿಗೆ ಗಿರಣಿ. ಅಲ್ಲಿ ನಿನ್ನ ಮನಿ ಹೆಂಗ ಇರ್ತೈತಿ?"

"ಓದಲಿಲ್ಲ."

"ಆವತ್ತೂ ಓದಲಿಲ್ಲ" ಅಂದಳು. ಈಗ ಯಂತ್ರ ನಿಂತಿತು. "ಉಪ್ಪಿಟ್ಟಿನ ತನಕ ಓದಿದಿ, ಮಂದಿ ನಕ್ಕರು ಅಂತ ಅಳಿಸಿದಿ. ಕಡೀಗೆ ಏನ ಬರದಿದ್ದೆ, ನೋಡಿದಿಯೇನು?"

ನೋಡಿರಲಿಲ್ಲ.

"ಆ ಗಂಡು ಬ್ಯಾರೆ ಮನಿ ಹೊಕ್ಕಿದ್ದ ಚಲೋ ಆತು, ಇಲ್ಲಾಂದ್ರ ನಮ್ಮ ಸುಶೀಲಾ ಪರ ಊರಿಗೆ ಹೋಗತಿದ್ಲು, ನಾನು ಇಲ್ಲಿ ಯಾರನ್ನ ನೋಡಿ ಇರಬೇಕಿತ್ತು ಅಂತ ಬರದಿದ್ದೆ. ಅದನ್ನೂ ಅಳಿಸಿದಿ."

ಹೊಸ್ತಿಲ ಮೇಲೆ ಕುಸಿದು ಕೂತು, ಮುಖಕ್ಕೆ ಸೆರಗು ಹಿಡಿದು ಅತ್ತೆ. ತಪ್ಪಾಯಿತು ಅಂದೆ. ಒಂಬತ್ತು ವರ್ಷದ ಹಿಂದೆಯೇ ಅನ್ನಬೇಕಿತ್ತು, ಈಗ ಅಂದೆ. ಅಂಗಳದಲ್ಲಿ ದಾವಲಸಾಬ ಬೇಕಂತಲೇ ಸೈಕಲ್ಲಿನ ಚೈನು ನೋಡುತ್ತ ನಿಂತಿದ್ದ. ಅವನೇ ಕಡೆಗೆ, "ಅಕ್ಕಾರ, ಹೊತ್ತು ಮುಳಗಾಕತ್ತೈತ್ರಿ" ಅಂದ.

ನಾನು ಕಣ್ಣೊರೆಸಿಕೊಂಡು ಹೊಸ್ತಿಲ ಮೇಲೆ ಎದ್ದು ನಿಂತೆ. ಫೋನು ತೆಗೆದೆ. ಮೇಷ್ಟ್ರು ಮನೆಯನ್ನು ವಾಪಸ್ ತಂದಿಟ್ಟಿದ್ದರು. "ಹೇಳು" ಅಂದೆ. ಅವಳು ಯಂತ್ರದಿಂದ ಲಂಗ ತೆಗೆದು, ದಾರ ಕಡಿದು, ಮಡಿಚಿಟ್ಟಳು. ಹೇಳದೆಯೇ ಇರುತ್ತಾಳೇನೋ ಅಂದುಕೊಂಡೆ. ಕೆರೆಯ ನೀರಿನ ಮೇಲಿನ ಬೆಳಕು ಇನ್ನೇನು ಹೋಗುವುದರಲ್ಲಿತ್ತು. ಆಮೇಲೆ ಅವಳು ಮೇಜು ಹಿಡಿದು ಎದ್ದಳು. ಗೋಡೆ ಹಿಡಿದುಕೊಂಡು, ಒಂದೊಂದೇ ಹೆಜ್ಜೆ ಇಟ್ಟು ಬಾಗಿಲ ತನಕ ಬಂದು, ನನ್ನ ಪಕ್ಕ ನಿಂತು ಎಡಕ್ಕೂ ಬಲಕ್ಕೂ ನೋಡಿದಳು. ಅವಳು ಹೇಳಿದಂತೆ ಬರೆದೆ. ಕಳಿಸಲು ಬೆರಳು ಇಡುವಷ್ಟರಲ್ಲಿ ಅವಳು ನನ್ನ ಮಣಿಕಟ್ಟು ಹಿಡಿದಳು.

"ಓದು."

"ಕಸ್ತೂರೆವ್ವನ ಮನಿ. ಎಡಕ್ಕ ಕೆರಿ. ಬಲಕ್ಕ ಯಾರೂ ಇಲ್ಲ. ಎದುರಿಗೆ ಯಾರೂ ಇಲ್ಲ" ಅಂತ ಓದಿದೆ.

"ಇನ್ನೊಮ್ಮೆ ಓದು."

ಎರಡನೆಯ ಸಲ ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು, ಶಾಲೆಯ ಮಕ್ಕಳ ಹಾಗೆ ಓದಿದೆ. 'ಬಲಕ್ಕ ಯಾರೂ ಇಲ್ಲ' ಅನ್ನುವಲ್ಲಿ ನನ್ನ ಬೆರಳು ನಿಂತಿತು. ಉಳಿದ ಸಾಲನ್ನು ಅಕ್ಕನೇ ಓದಿದಳು. ಓದಿ, ನನ್ನ ಬೆರಳನ್ನು ತಾನೇ ಹಿಡಿದು ಒತ್ತಿಸಿದಳು.